ಪಕ್ಕದ ಹಲಗೆಗೆ ಬಿದ್ದ ಗುಂಡು

ಹೋದ ಸಂಚಿಕೆಯಲ್ಲಿ ಕುಂಬಳೆ ಬೆಡಿಯ ಬಗ್ಗೆ ಬರೆದಿದ್ದೆ. ನಮ್ಮ ಕಡೆ ಬೆಡಿ ಅಂದರೆ ಜಾತ್ರೆಯ ಪಟಾಕಿಯೂ ಹೌದು, ಕೋವಿಯೂ ಹೌದು, ಮಲಯಾಳದ ವೆಡಿಯೂ ಅದೇ ಮಾತು ಅಂತ ಒಂದು ಸಾಲು ಸೇರಿಸಿದ್ದೆ. ಆ ಒಂದು ಸಾಲು ಹಿಡಿದುಕೊಂಡು ಈ ಸಲ ಬಂದ ಕಾಗದಗಳಲ್ಲಿ ಹೆಚ್ಚಿನವು ಕೋವಿಯ ಕಡೆಗೇ ತಿರುಗಿವೆ. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟಿದ್ದೇನೆ.

ಪ್ರಶ್ನೆ: ಮಾಷ್ಟ್ರೇ, ನಾನು ಕಾಲೇಜಿನಲ್ಲಿ ಎನ್‌ಸಿಸಿಯಲ್ಲಿದ್ದೇನೆ. ಕ್ಯಾಂಪಿನಲ್ಲಿ ಫೈರಿಂಗ್‌ಗೆ ಐದು ಗುಂಡು ಕೊಟ್ಟರು. ನಾಲ್ಕು ನನ್ನ ಟಾರ್ಗೆಟ್‌ಗೆ ಬಿತ್ತು. ಐದನೆಯದು ಪಕ್ಕದ ಹುಡುಗಿಯ ಟಾರ್ಗೆಟ್‌ಗೆ, ಅದೂ ಸರೀ ಮಧ್ಯಕ್ಕೆ ಬಿತ್ತು. ಅದಕ್ಕೆ ನನಗೆ ಸೊನ್ನೆ. ನನ್ನ ಗುರಿ ಸರಿಯೇ ಇತ್ತಲ್ವಾ, ತಪ್ಪಿದ್ದು ಹಲಗೆ ಮಾತ್ರ. ಇದು ನ್ಯಾಯವಾ? ಬೇರೆ ದೇಶಗಳಲ್ಲೂ ಹೀಗೇನಾ?
— ವಿದ್ಯಾರ್ಥಿನಿ, ಪೆರ್ಲ

ಉತ್ತರ: ಮಗಳೇ, ನಿನ್ನ ಸಂಕಟ ನನಗೆ ಗೊತ್ತು. ನಾನೂ ಎನ್‌ಸಿಸಿಯಲ್ಲಿ ಪಾಯಿಂಟ್ ಟೂ ಟೂ ರೈಫಲ್ ಹಿಡಿದವನೇ. ಕೈಗೆ ಸಿಗುವುದು ಐದೇ ಐದು ಗುಂಡು, ಅದರಲ್ಲಿ ಒಂದು ಲೆಕ್ಕಕ್ಕೆ ಸಿಗದೆ ಹೋದರೆ ಆ ರಾತ್ರಿ ನಿದ್ದೆ ಹತ್ತುವುದಿಲ್ಲ. ಆದರೂ ಹೇಳುತ್ತೇನೆ, ನಿನಗೆ ಕೊಟ್ಟ ಸೊನ್ನೆ ಸರಿ. ಇದೇ ತಪ್ಪಿಗೆ 1874ರಲ್ಲಿ ಒಂದು ದೇಶದ ತಂಡವೇ ಪಂದ್ಯ ಸೋತಿದೆ.

ಕಥೆ ಐರ್ಲೆಂಡಿನದು. 1873ರಲ್ಲಿ ಅವರು ವಿಂಬಲ್ಡನ್‌ನಲ್ಲಿ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ತಂಡಗಳನ್ನು ಸೋಲಿಸಿ ಎಲ್ಕೊ ಶೀಲ್ಡ್ ಗೆದ್ದರು. ವಿಂಬಲ್ಡನ್ ಅಂದರೆ ಟೆನಿಸ್ ಅಲ್ವಾ ಅಂತ ನಿನಗೆ ಅನಿಸಬಹುದು. ಟೆನಿಸ್ ಅಲ್ಲಿಗೆ ಬಂದದ್ದು 1877ರಲ್ಲಿ. ಅದಕ್ಕೂ ಹದಿನೇಳು ವರ್ಷ ಮೊದಲೇ ಆ ಊರಿನ ಬಯಲಿನಲ್ಲಿ ರೈಫಲ್ ಪಂದ್ಯ ಶುರುವಾಗಿತ್ತು. ಶೀಲ್ಡ್ ಗೆದ್ದ ಹುಮ್ಮಸ್ಸಿನಲ್ಲಿ ಐರಿಷರು ಅಮೆರಿಕಕ್ಕೆ ಸವಾಲು ಕಳಿಸಿದರು. ನ್ಯೂಯಾರ್ಕಿನ ಒಂದು ಹವ್ಯಾಸಿ ರೈಫಲ್ ಕ್ಲಬ್ ಅದನ್ನು ಒಪ್ಪಿಕೊಂಡಿತು. ಅಷ್ಟು ದೂರಕ್ಕೆ ಹೊಡೆದ ಅಭ್ಯಾಸ ಆ ಕ್ಲಬ್ಬಿನವರಿಗೆ ಜಾಸ್ತಿ ಇರಲಿಲ್ಲ.

1874ರ ಸೆಪ್ಟೆಂಬರ್ 26ರಂದು ನ್ಯೂಯಾರ್ಕ್ ಹತ್ತಿರ ಲಾಂಗ್ ಐಲೆಂಡಿನ ಕ್ರೀಡ್‌ಮೂರ್ ಎಂಬ ಬಯಲಿನಲ್ಲಿ ಪಂದ್ಯ ನಡೆಯಿತು. ಒಂದೊಂದು ಕಡೆ ಆರು ಜನ. 800 ಗಜ, 900 ಗಜ, 1000 ಗಜ, ಹೀಗೆ ಮೂರು ದೂರ, ಪ್ರತಿ ದೂರಕ್ಕೂ ಒಬ್ಬೊಬ್ಬನಿಗೆ ಹದಿನೈದು ಈಡು. ಮಧ್ಯಕ್ಕೆ ಬಿದ್ದರೆ ನಾಲ್ಕು ಪಾಯಿಂಟ್. ಎಲ್ಲ ಸರಿಯಾಗಿ ಬಿದ್ದರೆ ಒಂದು ತಂಡಕ್ಕೆ 1080. 1000 ಗಜ ಅಂದರೆ 914 ಮೀಟರ್, ಒಂದು ಕಿಲೋಮೀಟರಿಗೆ ತುಸು ಕಡಿಮೆ. ದುರ್ಬೀನು ಕಟ್ಟಿದ ರೈಫಲ್ ಅಲ್ಲ, ಬರಿಗಣ್ಣಿನ ಗುರಿ. ಕೆಲವರು ಅಂಗಾತ ಮಲಗಿ, ಕಾಲಿನ ಮೇಲೆ ನಳಿಗೆ ಇಟ್ಟು ಹೊಡೆಯುತ್ತಿದ್ದರು.

ಐರಿಷರ ರೈಫಲ್ ಬಾಯಿಂದ ಮದ್ದು ತುಂಬುವಂಥದ್ದು. ನಮ್ಮ ಹಿರಿಯರು ಕೇಪಿನ ಕೋವಿ ಅನ್ನುತ್ತಿದ್ದರಲ್ವಾ, ತುಂಬುವ ರೀತಿಯಲ್ಲಿ ಅದೇ ಜಾತಿ, ಆದರೆ ಬಹಳ ನಾಜೂಕಿನ ಕೆಲಸ. ಅದನ್ನು ಮಾಡಿದ ಡಬ್ಲಿನ್‌ನ ಜಾನ್ ರಿಗ್ಬಿ ತಾವೇ ತಂಡದಲ್ಲಿದ್ದರು. ಅಮೆರಿಕದವರದ್ದು ಹಿಂದಿನಿಂದ ತೋಟೆ ಹಾಕುವ ರೆಮಿಂಗ್ಟನ್ ಮತ್ತು ಶಾರ್ಪ್ಸ್ ರೈಫಲ್. ಹಳೇ ಕೋವಿ ಮೇಲೋ ಹೊಸ ಕೋವಿ ಮೇಲೋ ಅನ್ನುವ ಜಗಳವೂ ಆ ದಿನ ಆ ಬಯಲಿನಲ್ಲೇ ಇತ್ತು.

ಪಂದ್ಯದ ನಡುವೆ ಐರ್ಲೆಂಡಿನ ಮಿಲ್ನರ್ ಎಂಬುವರು ಒಂದು ಈಡು ಹೊಡೆದರು. ಗುಂಡು ಸರೀ ಮಧ್ಯಕ್ಕೆ ಬಿತ್ತು, ಆದರೆ ಪಕ್ಕದ ಹಲಗೆಯ ಮಧ್ಯಕ್ಕೆ. ಸೊನ್ನೆ ಬರೆದರು. ಕೊನೆಗೆ ಐರ್ಲೆಂಡ್ 931ಕ್ಕೆ ನಿಂತಿತು, ಅಮೆರಿಕ 930ರಲ್ಲಿತ್ತು, ಉಳಿದದ್ದು ಒಂದೇ ಗುಂಡು. ಹೊಡೆಯಬೇಕಾದ ಕರ್ನಲ್ ಬೋಡೀನ್ ಅವರ ಕೈಯಲ್ಲೇ ಶುಂಠಿ ಸೋಡಾದ ಬಾಟಲಿ ಒಡೆದು ಗಾಯವಾಗಿತ್ತು. ಅವರು ಕೈಗೆ ಕರವಸ್ತ್ರ ಸುತ್ತಿಕೊಂಡು ಮಲಗಿ ಹೊಡೆದರು. 1000 ಗಜ ದೂರದ ಹಲಗೆಯ ಮಧ್ಯಕ್ಕೇ ಬಿತ್ತು. 934ಕ್ಕೆ 931, ಅಮೆರಿಕ ಗೆದ್ದಿತು. ಮಿಲ್ನರ್ ಅವರ ನಾಲ್ಕು ಪಾಯಿಂಟ್ ಸಿಕ್ಕಿದ್ದರೆ ಐರ್ಲೆಂಡ್ 935 ಆಗುತ್ತಿತ್ತು. ಲೆಕ್ಕ ಹಾಕಿ ನೋಡು.

ಹಳೇ ಕಾಲದ ಕಥೆ ಅಂದುಕೊಳ್ಳಬೇಡ. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಮ್ಯಾಟ್ ಎಮ್ಮನ್ಸ್ 50 ಮೀಟರ್ ಮೂರು ಭಂಗಿಯ ಫೈನಲ್‌ನಲ್ಲಿ ಎಲ್ಲರಿಗಿಂತ ಮುಂದಿದ್ದರು. ಕೊನೆಯ ಗುಂಡು ಪಕ್ಕದವರ ಟಾರ್ಗೆಟ್‌ಗೆ ಹೋಯಿತು. ಸೊನ್ನೆ. ಚಿನ್ನದ ಜಾಗದಿಂದ ನೇರ ಎಂಟನೇ ಸ್ಥಾನಕ್ಕೆ ಬಿದ್ದರು. ಆ ಸಂಜೆ ಅವರನ್ನು ಸಮಾಧಾನ ಮಾಡಲು ಬಂದವರಲ್ಲಿ ಚೆಕ್ ದೇಶದ ಶೂಟರ್ ಕಟೆರಿನಾ ಕೂಡ ಇದ್ದರು. ಮುಂದೆ ಇಬ್ಬರೂ ಮದುವೆಯಾದರು. 2008ರ ಬೀಜಿಂಗ್ ಒಲಿಂಪಿಕ್ಸ್‌ನ ಮೊದಲ ಚಿನ್ನ ಗೆದ್ದದ್ದು ಇದೇ ಕಟೆರಿನಾ. ಹಾಗಾಗಿ ನೀನು ಒಳ್ಳೆಯವರ ಸಾಲಿನಲ್ಲೇ ಇದ್ದಿ.

ಮುಂದಿನ ಕ್ಯಾಂಪಿನಲ್ಲಿ ಒಂದು ಕೆಲಸ ಮಾಡು. ಪ್ರತಿ ಗುಂಡಿಗೂ ಮೊದಲು, ಕೆನ್ನೆ ರೈಫಲ್‌ಗೆ ತಾಗಿಸುವುದಕ್ಕೂ ಮೊದಲು, ಬಲಗಡೆಯಿಂದ ಹಲಗೆ ಎಣಿಸು. ಒಂದೇ ಸಲ ಎಣಿಸಿದರೆ ಸಾಲದು, ಐದು ಗುಂಡಿಗೆ ಐದು ಸಲ ಎಣಿಸು.

ಪ್ರಶ್ನೆ: ಗುರಿ ಹೊಡೆಯುವುದನ್ನು ದೇಶ ದೇಶಗಳ ನಡುವಿನ ಆಟ ಮಾಡಿದ್ದು ಒಲಿಂಪಿಕ್ಸಾ? ಅಥವಾ ಅದಕ್ಕೂ ಮೊದಲೇ ಇತ್ತಾ?
— ಓದುಗ, ಉಪ್ಪಳ

ಉತ್ತರ: ಮೊದಲೇ ಇತ್ತು. ಆದರೆ ಒಂದೊಂದು ಊರಿನಲ್ಲಿ ಒಂದೊಂದು ಥರ ಇತ್ತು.

ಸ್ವಿಟ್ಜರ್ಲೆಂಡಿನಲ್ಲಿ ಇದು ನಮ್ಮ ಜಾತ್ರೆಯ ಹಾಗೆ. 1824ರಲ್ಲಿ ಆರಾವ್ ಎಂಬ ಪೇಟೆಯಲ್ಲಿ ಇಡೀ ದೇಶದ ಶೂಟಿಂಗ್ ಸಂಘ ಹುಟ್ಟಿತು, ಅದೇ ವರ್ಷ ಅಲ್ಲೇ ದೇಶದ ಮೊದಲ ದೊಡ್ಡ ಶೂಟಿಂಗ್ ಹಬ್ಬವೂ ನಡೆಯಿತು. ಬೇರೆ ಬೇರೆ ಭಾಷೆ ಮಾತಾಡುವ ಪ್ರಾಂತ್ಯದವರು ಕೋವಿ ಹೆಗಲಿಗೇರಿಸಿ ಒಂದು ಬಯಲಿಗೆ ಬಂದು, ಹೊಡೆದು, ಉಂಡು, ಹೋಗುವುದು. ತುಳು, ಕನ್ನಡ, ಮಲಯಾಳ, ಕೊಂಕಣಿ, ಮರಾಠಿ ಎಲ್ಲ ಒಂದೇ ಬಸ್ಸಿನಲ್ಲಿ ಕೇಳುವ ನಮಗೆ ಆ ಬಯಲಿನ ಗದ್ದಲ ಹೇಗಿದ್ದಿರಬಹುದು ಅಂತ ಊಹಿಸುವುದು ಕಷ್ಟವಲ್ಲ.

ಇಂಗ್ಲೆಂಡಿನಲ್ಲಿ ಕಾರಣವೇ ಬೇರೆ. ಫ್ರಾನ್ಸ್ ಎಲ್ಲಿ ದಂಡೆತ್ತಿ ಬರುತ್ತದೋ ಎಂಬ ಭಯ. ಊರೂರಲ್ಲಿ ಸ್ವಯಂಸೇವಕ ಪಡೆ ಕಟ್ಟಿದರು, ಅವರಿಗೆ ಗುರಿ ಕಲಿಸಲು 1859ರಲ್ಲಿ ನ್ಯಾಷನಲ್ ರೈಫಲ್ ಅಸೋಸಿಯೇಷನ್ ಮಾಡಿದರು. 1860ರ ಜುಲೈನಲ್ಲಿ ವಿಂಬಲ್ಡನ್ ಬಯಲಿನಲ್ಲಿ ಮೊದಲ ಕೂಟ. ವಿಕ್ಟೋರಿಯಾ ರಾಣಿಯೇ ಮೊದಲ ಗುಂಡು ಹಾರಿಸಿದರು. ವಿಟ್‌ವರ್ತ್ ರೈಫಲನ್ನು ಒಂದು ಸ್ಟ್ಯಾಂಡಿಗೆ ಬಿಗಿದು, ಗುರಿ ನೋಡಿ ಇಟ್ಟಿದ್ದರು, ರಾಣಿ ರೇಷ್ಮೆ ಹಗ್ಗ ಎಳೆದರು. 400 ಗಜ ದೂರದಲ್ಲಿ, ನಡುಬಿಂದುವಿನಿಂದ ಒಂದೂಕಾಲು ಇಂಚಿನ ಒಳಗೆ ಗುಂಡು ಬಿತ್ತು. ನಳಿಗೆಯ ಒಳಗೆ ಸುರುಳಿ ಗೆರೆ ಕೊರೆದ ರೈಫಲ್ ಇಲ್ಲದಿದ್ದರೆ ಇದು ಆಗುತ್ತಲೇ ಇರಲಿಲ್ಲ. ಆ ಗೆರೆಯಿಂದ ಗುಂಡು ಬುಗುರಿಯ ಹಾಗೆ ತಿರುಗುತ್ತಾ ಹೋಗುತ್ತದೆ. ತಿರುಗುವ ಬುಗುರಿ ಹೇಗೆ ಬೀಳುವುದಿಲ್ಲವೋ ಹಾಗೆ ತಿರುಗುವ ಗುಂಡು ದಾರಿ ತಪ್ಪುವುದಿಲ್ಲ. ಗೆದ್ದವರಿಗೆ ರಾಣಿಯ ಬಹುಮಾನ 250 ಪೌಂಡ್. ಈ ದುಡ್ಡಿನ ಬಹುಮಾನವನ್ನು ನೆನಪಿಡಿ, ಮುಂದೆ ಇದೇ ತಲೆನೋವಾಯಿತು. 1890ರಲ್ಲಿ ಆ ಕೂಟ ಬಿಸ್ಲೆ ಎಂಬಲ್ಲಿಗೆ ಹೋಯಿತು, ಈಗಲೂ ಅಲ್ಲೇ ಇದೆ.

1896ರ ಅಥೆನ್ಸ್, ಅಂದರೆ ಮೊದಲ ಒಲಿಂಪಿಕ್ಸಿನಲ್ಲೇ ಶೂಟಿಂಗ್ ಇತ್ತು. ಐದು ಸ್ಪರ್ಧೆ. ಮೂರನ್ನು ಗ್ರೀಸಿನವರೇ ಗೆದ್ದರು. ಉಳಿದ ಎರಡು ಅಮೆರಿಕದ ಅಣ್ಣ ತಮ್ಮಂದಿರಾದ ಜಾನ್ ಪೇನ್ ಮತ್ತು ಸಮ್ನರ್ ಪೇನ್ ಅವರಿಗೆ. ಇವರ ಬಗ್ಗೆ ಎರಡು ಮಾತು ಹೇಳಲೇಬೇಕು. ಸಾಕಾಗದೆ ಹೋದರೆ ಅಂತ 3500 ಗುಂಡು ಹೊತ್ತುಕೊಂಡು ಹೋಗಿದ್ದರು, ಖರ್ಚಾದದ್ದು 96. ಒಬ್ಬ ಒಂದು ಪಂದ್ಯ ಗೆದ್ದರೆ ಮುಂದಿನದನ್ನು ಇನ್ನೊಬ್ಬನಿಗೆ ಬಿಟ್ಟು ನಿಲ್ಲಬೇಕು ಅಂತ ತಮ್ಮೊಳಗೇ ಮಾತಾಡಿಕೊಂಡಿದ್ದರು. ಜಾನ್ ಮಿಲಿಟರಿ ಪಿಸ್ತೂಲು ಗೆದ್ದರು, ಮರುದಿನ ಸ್ಪರ್ಧಿಸದೆ ಬದಿಗೆ ನಿಂತರು, ಸಮ್ನರ್ ಗೆದ್ದರು. ಇನ್ನೊಂದು ಸ್ಪರ್ಧೆಗೆ ಮಾತ್ರ ಇವರ ಪಿಸ್ತೂಲಿನ ಕ್ಯಾಲಿಬರ್ ನಡೆಯುವುದಿಲ್ಲ ಅಂದುಬಿಟ್ಟರು. ಯಾವ ಕೋವಿ ನಡೆಯುತ್ತದೆ, ಎಷ್ಟು ದೂರ, ಎಷ್ಟು ಹೊತ್ತು, ಇದಕ್ಕೆಲ್ಲ ಎಲ್ಲ ದೇಶಗಳೂ ಒಪ್ಪಿದ ಒಂದು ಪುಸ್ತಕ ಆಗ ಇರಲಿಲ್ಲ.

ಆ ಕೆಲಸ ಒಲಿಂಪಿಕ್ಸಿನ ಹೊರಗೆ ಶುರುವಾಯಿತು. 1897ರಲ್ಲಿ ಫ್ರಾನ್ಸಿನ ಲಿಯಾನ್ ಪೇಟೆಯ ಶೂಟಿಂಗ್ ಸಂಘಕ್ಕೆ 25 ವರ್ಷ ತುಂಬಿತು. ಆ ಹಬ್ಬಕ್ಕೆ ಅಕ್ಕಪಕ್ಕದ ದೇಶದವರನ್ನು ಕರೆದು 300 ಮೀಟರ್ ರೈಫಲ್ ಪಂದ್ಯ ಇಟ್ಟರು. ನಿಂತು, ಮಂಡಿಯೂರಿ, ಮಲಗಿ, ಹೀಗೆ ಮೂರು ಭಂಗಿ. ಅದನ್ನೇ ಈಗ ಮೊದಲ ವಿಶ್ವ ಚಾಂಪಿಯನ್‌ಷಿಪ್ ಅಂತ ಲೆಕ್ಕ ಹಿಡಿಯುತ್ತಾರೆ. ಆಮೇಲೆ 1914ರವರೆಗೆ ಒಂದು ವರ್ಷವೂ ಬಿಡದೆ ನಡೆಯಿತು. 1903ರಲ್ಲಿ ಕಡಲು ದಾಟಿ ಬ್ಯೂನಸ್ ಐರಿಸ್‌ಗೂ ಹೋಯಿತು. ಹೆಚ್ಚಿನ ಸಲ ಗೆದ್ದದ್ದು ಸ್ವಿಸ್ ತಂಡ, ಊರ ಜಾತ್ರೆಯಲ್ಲಿ ತಲೆಮಾರುಗಳಿಂದ ಹೊಡೆದು ಬಂದವರಲ್ವಾ.

1907ರಲ್ಲಿ ಜ್ಯೂರಿಕ್‌ನಲ್ಲಿ ಎಲ್ಲ ಸೇರಿ ಅಂತರರಾಷ್ಟ್ರೀಯ ಒಕ್ಕೂಟ ಕಟ್ಟಿದರು. ಮೊದಲ ಅಧ್ಯಕ್ಷರು ಫ್ರಾನ್ಸಿನ ಡೇನಿಯಲ್ ಮೆರಿಯೋನ್. ಇವತ್ತಿನ ಐಎಸ್‌ಎಸ್‌ಎಫ್ ಅದೇ ಒಕ್ಕೂಟ, ಆ ಹೆಸರು ಬಂದದ್ದು 1998ರಲ್ಲಿ. ನನ್ನನ್ನು ಕೇಳಿದರೆ ಈ ಆಟ ದೇಶಗಳ ನಡುವಿನ ಆಟವಾದದ್ದು ರಾಣಿಯ ಗುಂಡಿನಿಂದಲೂ ಅಲ್ಲ, ಪದಕದಿಂದಲೂ ಅಲ್ಲ. ಲಿಯಾನ್‌ನಿಂದ ಜ್ಯೂರಿಕ್‌ವರೆಗಿನ ಆ ಹತ್ತು ವರ್ಷದಲ್ಲಿ. ಒಂದೇ ದೂರ, ಒಂದೇ ಹಲಗೆ, ಒಂದೇ ಲೆಕ್ಕ ಅಂತ ಎಲ್ಲರೂ ಒಪ್ಪಿದ ಮೇಲೆ ತಾನೇ ಯಾರು ಮೇಲು ಅಂತ ಹೇಳಲು ಸಾಧ್ಯ?

ದುಡ್ಡಿನ ತಲೆನೋವು ಹೇಳುತ್ತೇನೆ ಅಂದಿದ್ದೆ. ಒಲಿಂಪಿಕ್ಸಿಗೆ ಹವ್ಯಾಸಿಗಳು ಮಾತ್ರ ಬೇಕಿತ್ತು, ಶೂಟಿಂಗ್‌ನಲ್ಲಿ ನಗದು ಬಹುಮಾನ ಮೊದಲಿನಿಂದಲೂ ಇತ್ತು. ಈ ಜಗಳದಲ್ಲಿ 1928ರ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಶೂಟಿಂಗ್ ಇರಲೇ ಇಲ್ಲ. 1920ರಲ್ಲಿ 21 ಸ್ಪರ್ಧೆ ಇದ್ದ ಆಟ 1932ರಲ್ಲಿ ಬರೀ ಎರಡಕ್ಕೆ ಇಳಿದು ವಾಪಸ್ ಬಂತು, ಅದೂ ದುಡ್ಡಿಗಾಗಿ ಹೊಡೆದವರನ್ನು ಹೊರಗಿಟ್ಟು.

ಪ್ರಶ್ನೆ: ಒಲಿಂಪಿಕ್ಸಿನಲ್ಲಿ ಜೀವಂತ ಪಾರಿವಾಳಕ್ಕೆ ಹೊಡೆದಿದ್ದರಂತೆ, ನಿಜವಾ? ನಮ್ಮಲ್ಲಿ ತೋಟಕ್ಕೆ ಹಂದಿ ಬಂದರೂ ಹೊಡೆಯುವ ಮೊದಲು ನೂರು ಸಲ ಯೋಚಿಸಬೇಕು.
— ಕೃಷಿಕ, ಮುಳ್ಳೇರಿಯ

ಉತ್ತರ: ನಿಜ ಅಣ್ಣಾ. 1900ರ ಪ್ಯಾರಿಸ್‌ನಲ್ಲಿ. ಹಕ್ಕಿಯನ್ನು ಒಂದೊಂದಾಗಿ ಹಾರಿ ಬಿಡುವುದು, ಹೊಡೆಯುವುದು. ಬೆಲ್ಜಿಯಂನ ಲಿಯೋನ್ ಡಿ ಲುಂಡೆನ್ 21 ಹಕ್ಕಿ ಬೀಳಿಸಿ ಗೆದ್ದರು. ಒಟ್ಟು ಸತ್ತದ್ದು ಸುಮಾರು 300. ಓದುವಾಗ ಹೊಟ್ಟೆ ತೊಳಸುತ್ತದೆ. ಬೆಳೆ ಉಳಿಸಲು ಹಂದಿಗೆ ಹೊಡೆಯುವವನ ಕಷ್ಟ ಬೇರೆ, ಸುಮ್ನೆ ಚಪ್ಪಾಳೆಗಾಗಿ ಹಕ್ಕಿ ಕೊಲ್ಲುವುದು ಬೇರೆ. ಅದು ಮತ್ತೆ ನಡೆಯಲಿಲ್ಲ.

ವಿಶೇಷ ಏನೆಂದರೆ ಹಕ್ಕಿ ಬೇಡ ಅನ್ನುವ ದಾರಿ ಆಗಲೇ ತೆರೆದಿತ್ತು. ಮೊದಲು ಗಾಜಿನ ಚೆಂಡು ಎಸೆದು ಹೊಡೆಯುತ್ತಿದ್ದರು. ಗಾಜು ಬಯಲಿಡೀ ಚೂರಾಗಿ ಬೀಳುತ್ತಿತ್ತು, ಚೆಂಡು ಹಕ್ಕಿಯ ಹಾಗೆ ತೇಲಿ ಹಾರುತ್ತಲೂ ಇರಲಿಲ್ಲ. 1880ರಲ್ಲಿ ಅಮೆರಿಕದ ಸಿನ್ಸಿನಾಟಿಯ ಜಾರ್ಜ್ ಲಿಗೋಸ್ಕಿ ಎಂಬುವರು ತಟ್ಟೆಯಂಥ ಮಣ್ಣಿನ ಬಿಲ್ಲೆ ಮಾಡಿದರು. ಅಂಚಿನಿಂದ ತಿರುಗಿಸಿ ಎಸೆದರೆ ತೇಲಿಕೊಂಡು ಹೋಗುತ್ತದೆ, ಕೆರೆಯ ಮೇಲೆ ನಾವು ಚಪ್ಪಟೆ ಕಲ್ಲು ಎಸೆಯುತ್ತಿದ್ದೆವಲ್ಲ, ಆ ಥರ ತಿರುಗು. ಅದಕ್ಕೇ ಅದನ್ನು ಇವತ್ತಿಗೂ ಮಣ್ಣಿನ ಪಾರಿವಾಳ ಅನ್ನುತ್ತಾರೆ. ಈ ಬಿಲ್ಲೆ ಹೊಡೆಯುವ ಆಟಕ್ಕೆ ಟ್ರ್ಯಾಪ್ ಅನ್ನುವ ಹೆಸರೂ ಆ ಹಕ್ಕಿಯ ಕಾಲದಿಂದಲೇ ಬಂದದ್ದು, ಹಕ್ಕಿ ಕೂಡಿಡುತ್ತಿದ್ದ ಪೆಟ್ಟಿಗೆಗೆ ಟ್ರ್ಯಾಪ್ ಅನ್ನುತ್ತಿದ್ದರು. ಹೊಡೆಯುವುದು ಚರೆ ತುಂಬಿದ ತೋಟೆಯಿಂದ, ನಿಮ್ಮ ಮನೆಯ ಕೋವಿಯ ಜಾತಿಯೇ. ಹಾಗಂತ ಬೆಳೆ ರಕ್ಷಣೆಗೆ ಕೊಟ್ಟ ಲೈಸೆನ್ಸಿನ ಕೋವಿ ಹಿಡಿದು ಪಂದ್ಯಕ್ಕೆ ಹೊರಡಬೇಡಿ. ಆ ಲೈಸೆನ್ಸು ಬೆಳೆಗೇ.

1906ರಲ್ಲಿ ಅಥೆನ್ಸಿನಲ್ಲಿ ನಡೆದ ಕೂಟದಲ್ಲಿ ಇನ್ನೊಂದು ವಿಚಿತ್ರ ಇತ್ತು. ಉದ್ದ ಕೋಟು ತೊಡಿಸಿದ ಬೊಂಬೆ ನಿಲ್ಲಿಸಿ, ದ್ವಂದ್ವದ ಪಿಸ್ತೂಲಿನಿಂದ ಅದಕ್ಕೆ ಹೊಡೆಯುವ ಸ್ಪರ್ಧೆ. ಮನುಷ್ಯನ ಆಕಾರದ ಆ ಬೊಂಬೆ ಹೋಗಿ ದುಂಡು ಕಾಗದ ಬಂದದ್ದು ಈ ಆಟದ ಪುಣ್ಯ ಅಂತಲೇ ನಾನು ತಿಳಿದಿದ್ದೇನೆ.

ಪ್ರಶ್ನೆ: ನನಗೆ 61. ಮೊನ್ನೆ ನಿವೃತ್ತನಾದೆ. ಈ ವಯಸ್ಸಿನಲ್ಲಿ ಶೂಟಿಂಗ್ ಕಲಿಯುತ್ತೇನೆ ಅಂದರೆ ಮನೆಯವರು ಬಿಡುತ್ತಿಲ್ಲ.
— ಓದುಗ, ಮಂಜೇಶ್ವರ

ಉತ್ತರ: ಮನೆಯವರಿಗೆ ಆಸ್ಕರ್ ಸ್ವಾನ್ ಕಥೆ ಹೇಳಿ. ಸ್ವೀಡನ್ ದೇಶದವರು. 1908ರ ಲಂಡನ್ ಒಲಿಂಪಿಕ್ಸಿನಲ್ಲಿ ಮೊದಲ ಚಿನ್ನ ಗೆದ್ದಾಗ ಅವರಿಗೆ 60. ಓಡುವ ಜಿಂಕೆ ಅನ್ನುವ ಸ್ಪರ್ಧೆ, ನಿಜವಾದ ಜಿಂಕೆ ಅಲ್ಲ, ಹಳಿಯ ಮೇಲೆ ಎಳೆಯುವ ಜಿಂಕೆಯ ಹಲಗೆ. 1912ರಲ್ಲಿ 64ನೇ ವಯಸ್ಸಿಗೆ ಇನ್ನೊಂದು ಚಿನ್ನ. 1920ರ ಆಂಟ್‌ವರ್ಪ್‌ನಲ್ಲಿ 72ನೇ ವಯಸ್ಸಿಗೆ ಬೆಳ್ಳಿ. ಅದೇ ತಂಡದಲ್ಲಿ ಮಗ ಆಲ್‌ಫ್ರೆಡ್ ಕೂಡ ಇದ್ದ. ಇಷ್ಟು ವಯಸ್ಸಿನಲ್ಲಿ ಶೂಟಿಂಗ್ ಪದಕ ಗೆದ್ದವರು ಒಲಿಂಪಿಕ್ಸಿನಲ್ಲಿ ಇನ್ನೊಬ್ಬರಿಲ್ಲ. ಕಣ್ಣು ಪರೀಕ್ಷೆ ಮಾಡಿಸಿಕೊಂಡು ಏರ್ ರೈಫಲ್‌ನಿಂದ ಶುರು ಮಾಡಿ. ಹೊರಡಿ.

ಪ್ರಶ್ನೆ: ಜಾತ್ರೆಗೆ ಹೋದರೆ ನನ್ನ ಮಗಳು ಬಲೂನಿನ ಅಂಗಡಿ ಬಿಟ್ಟು ಕದಲುವುದಿಲ್ಲ. ಹತ್ತಕ್ಕೆ ಒಂಬತ್ತು ಒಡೆಯುತ್ತಾಳೆ. ಅವಳಿಗೆ ಹನ್ನೆರಡು. ಹೆಣ್ಣುಮಕ್ಕಳು ಈ ಆಟದಲ್ಲಿ ಮೊದಲಿನಿಂದ ಇದ್ದರಾ? ನಮ್ಮ ದೇಶ ಯಾವಾಗ ಸೇರಿತು?
— ತಾಯಿ, ನೀರ್ಚಾಲು

ಉತ್ತರ: ಮೊದಲಿನಿಂದ ಇರಲಿಲ್ಲ ಅಕ್ಕಾ, ಬಾಗಿಲು ಬಹಳ ತಡವಾಗಿ ತೆರೆಯಿತು. 1930ರಲ್ಲಿ ಬಿಸ್ಲೆಯಲ್ಲಿ ಮಾರ್ಜರಿ ಫಾಸ್ಟರ್ ಎಂಬ ಮಹಿಳೆ ಗಂಡಸರನ್ನೆಲ್ಲ ಹಿಂದೆ ಹಾಕಿ ರಾಜನ ಬಹುಮಾನ ಗೆದ್ದರು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಶುರುವಾದ ಅದೇ ಬಹುಮಾನ. ಆದರೂ ಒಲಿಂಪಿಕ್ಸಿನಲ್ಲಿ ಹೆಂಗಸರು ಶೂಟಿಂಗ್‌ಗೆ ಇಳಿದದ್ದು 1968ರಲ್ಲಿ, ಅದೂ ಗಂಡಸರ ಜತೆಗೇ ಸ್ಪರ್ಧಿಸಿ. ಅವರಿಗೇ ಪ್ರತ್ಯೇಕ ಸ್ಪರ್ಧೆ ಬಂದದ್ದು 1984ರಲ್ಲಿ.

ನಮ್ಮ ದೇಶದ ರೈಫಲ್ ಸಂಘ ಹುಟ್ಟಿದ್ದು 1951ರಲ್ಲಿ. ಲೋಕಸಭೆಯ ಮೊದಲ ಸ್ಪೀಕರ್ ಮಾವಳಂಕರ್ ಅದರ ಮೊದಲ ಅಧ್ಯಕ್ಷರು. ಮರುವರ್ಷವೇ ಹೆಲ್ಸಿಂಕಿ ಒಲಿಂಪಿಕ್ಸಿಗೆ ಹರಿಹರ ಬ್ಯಾನರ್ಜಿ ಹೋದರು. 1962ರಲ್ಲಿ ಕೈರೋದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬಿಕಾನೇರದ ಕರ್ಣಿ ಸಿಂಗ್ ಟ್ರ್ಯಾಪ್‌ನಲ್ಲಿ ಬೆಳ್ಳಿ ತಂದರು, ಮಣ್ಣಿನ ಪಾರಿವಾಳ ಹೊಡೆದು. 2008ರಲ್ಲಿ ಅಭಿನವ್ ಬಿಂದ್ರಾ ಚಿನ್ನ ತಂದ 10 ಮೀಟರ್ ಏರ್ ರೈಫಲ್ಲೇ ನಿಮ್ಮ ಮಗಳು ಕಲಿಯಲು ಸರಿಯಾದದ್ದು.

ಬಲೂನು ದೊಡ್ಡದು, ಹತ್ತಿರ ಇರುತ್ತದೆ, ಎಲ್ಲಿ ತಾಗಿದರೂ ಒಡೆಯುತ್ತದೆ. ಏರ್ ರೈಫಲ್‌ನ ಹಲಗೆಯಲ್ಲಿ ಹತ್ತು ಪಾಯಿಂಟಿನ ಜಾಗ ಅರ್ಧ ಮಿಲಿಮೀಟರಿನ ಒಂದು ಚುಕ್ಕೆ. ಒಂದು ಕೆಲಸ ಮಾಡಿ. ಬಿಳಿ ಕಾಗದದ ಮೇಲೆ ಬಾಲ್‌ಪೆನ್ನಿನ ಮೊನೆ ಒಮ್ಮೆ ಊರಿ ತೆಗೆಯಿರಿ. ಅದನ್ನು ಅಡಿಕೆ ಒಣಗಿಸುವ ಅಂಗಳದ ಒಂದು ಕೊನೆಗೆ ಅಂಟಿಸಿ, ಹತ್ತು ಮೀಟರ್ ಅಳೆದು ಈಚೆ ಕೊನೆಯಲ್ಲಿ ಮಗಳನ್ನು ನಿಲ್ಲಿಸಿ. ಕೋವಿ ಬೇಡ, ಚುಕ್ಕೆ ಎಲ್ಲಿದೆ ಅಂತ ಬೆರಳು ತೋರಿಸಲು ಹೇಳಿ. ಕಾಣುವುದಿಲ್ಲ ಅಂದಮೇಲೂ ಅವಳು ಅಲ್ಲೇ ನಿಂತು ನೋಡುತ್ತಾ ಇದ್ದರೆ ನನಗೆ ಇನ್ನೊಂದು ಕಾಗದ ಬರೆಯಿರಿ.